ಅಮ್ಮನ ಲಾರಿ, ನನ್ನ ಕಾದ ಲ್ಯಾಪ್‌ಟಾಪು

ಜನವರಿ 8, ಸಂಜೆ

ಪಾಳಿ ಮುಗಿಸಿ, ಮೈಮೇಲಿನ ಕೆಂಪು ಧೂಳು ತೊಳೆದು, ಮೆಸ್ಸಿನಲ್ಲಿ ಒಂದಿಷ್ಟು ತಿಂದು, ಹಾಸಿಗೆಯ ಮೇಲೆ ದಿಂಬು, ದಿಂಬಿನ ಮೇಲೆ ಲ್ಯಾಪ್‌ಟಾಪು. ದಿನದ ಕ್ರಮ. ಆಟದಲ್ಲಿ ನಾನೂ ಅಮ್ಮನೂ ಘಾಟಿ ಅರ್ಧ ಹತ್ತಿದ್ದೆವು, ಲ್ಯಾಪ್‌ಟಾಪು ಮತ್ತೆ ಆರಿಹೋಯಿತು. ಮೊದಲು ಫ್ಯಾನು ಕಿರುಚಿತು, ಆಮೇಲೆ ಪರದೆ ಕಪ್ಪು. ತಳ ಮುಟ್ಟಿದರೆ ಒಲೆಯ ಮೇಲಿನ ಹಂಚು.

ಕೂಡಲೇ ಅಮ್ಮನ ಫೋನ್, ನನ್ನ ಹೆಸರು ಹಿಡಿದು ಕೂಗುತ್ತ.

"ಮೆರೆ! ಎಲ್ಲಿ ಸತ್ತೆ? ಈಗ ತಾನೇ ನನ್ನ ಮುಂದೆ ಇದ್ದೆ."

"ಲ್ಯಾಪ್‌ಟಾಪ್ ಕಾದು ಆಫ್ ಆಯ್ತಮ್ಮ."

"ಎಂಜಿನ್ ಕಾಯೋಕ್ಮುಂಚೆ ವಾಸನೆ ಬರುತ್ತೆ ಕಣೇ. ನಿಂಗೆ ಮೂಗಿಲ್ವಾ?"

ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಅವಳೊಡನೆ ವಾದ ಸಲ್ಲದು. ಕಣ್ಣು ಮಂಜಾಯಿತೆಂದು ಹೋದ ವರ್ಷ ಲೈಸೆನ್ಸು ಕಿತ್ತುಕೊಂಡರು. ವಾರವಿಡೀ ಮಾತಿಲ್ಲ, ಊಟವಿಲ್ಲ. ಕಡೆಗೆ ನಾನೇ ಲಾರಿ ಓಡಿಸುವ ಈ ವಿಡಿಯೋ ಆಟ ತಂದುಕೊಟ್ಟೆ. ಸ್ಟೀರಿಂಗು, ಪೆಡಲು, ದೊಡ್ಡ ಟೀವಿ. ಬನ್ಬರಿಯ ಮನೆಯ ನಡುಕೋಣೆಯಲ್ಲಿ ಅವಳು, ದೂರದ ಉತ್ತರದಲ್ಲಿ ಪಿಲ್ಬರಾದ ಗಣಿ ಕ್ಯಾಂಪಿನಲ್ಲಿ ನಾನು. ಎಲ್ಲೂ ಇಲ್ಲದ ಒಂದು ದೇಶದ ಹೆದ್ದಾರಿಯಲ್ಲಿ ಹಿಂದೆ ಮುಂದೆ ಇಬ್ಬರ ಲಾರಿ. ಹಗಲೆಲ್ಲ ಮನೆಯೆತ್ತರದ ಗಣಿ ಲಾರಿ ಓಡಿಸಿ ಬಂದು ಸಂಜೆ ಮತ್ತೆ ಲಾರಿ... ಜೊತೆಯವರು ನಗುತ್ತಾರೆ. ನಗಲಿ.

ಜನವರಿ 9

ಇವತ್ತೂ ಅಲ್ಲೇ ಆರಿತು. ಅಮ್ಮನ ಸಲಹೆ — "ಜ್ವರ ಬಂದ್ರೆ ಏನ್ಮಾಡ್ತೀವಿ? ತಣ್ಣೀರು ಪಟ್ಟಿ. ಫ್ರೀಜರ್‌ನಲ್ಲಿ ಬಟಾಣಿ ಪ್ಯಾಕೆಟ್ ಇರಲ್ವಾ? ಅದರ ಮೇಲಿಡು."

ಅಡುಗೆಮನೆಯಿಂದ ಒಂದು ಪ್ಯಾಕೆಟ್ ಬೇಡಿ ತಂದೆ. ಚೆನ್ನಾಗಿ ನಡೆಯಿತು! ಘಾಟಿ ದಾಟಿದೆವು. ಅಮ್ಮನಿಗೆ ಬಹಳ ಜಂಬ.

ಜನವರಿ 10

ಬೈಸಿಕೊಂಡೆ.

ಕೋಣೆಯ ಎ.ಸಿ. ತೊಟ್ಟಿಕ್ಕುತ್ತಿದೆ ಎಂದು ದೂರು ಬರೆಸಿದ್ದೆ. ಎ.ಸಿ. ರಿಪೇರಿಯ ಇಲೈತಿಯಾ ಬಂದ. ಫಿಜಿಯವನು, ಬಾಗಿಲಿನಷ್ಟು ಅಗಲ, ದನಿ ಮಾತ್ರ ಮೆತ್ತಗೆ. ಏಣಿ ಒರಗಿಸುವಾಗ ಮೇಜು ನೋಡಿದ. ಬಟಾಣಿ, ಅದರ ಮೇಲೆ ಲ್ಯಾಪ್‌ಟಾಪು.

"ಇದೇನಿದು? ರಾತ್ರಿ ಊಟಕ್ಕಾ?"

"ಬಿಸಿ ಆಗ್ತಿತ್ತು..."

ಏಣಿ ಬಿಟ್ಟು ಬಂದು ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿದ. ತಳದಲ್ಲಿ ಸಾಲಾಗಿ ನೀರಿನ ಹನಿ. ನನಗೆ ತೋರಿಸಿದ.

"ನೋಡು. ತಣ್ಣಗಿರೋದಕ್ಕೆ ಬಿಸಿ ಗಾಳಿ ತಾಗಿದ್ರೆ ಬೆವರುತ್ತೆ. ಇದು ಒಳಗೂ ಬೆವರಿದ್ರೆ ಆಮೇಲೆ ಬಿಸಿನೂ ಇರಲ್ಲ, ತಣ್ಣಗೂ ಇರಲ್ಲ. ಏನೂ ಇರಲ್ಲ. ಆಫ್ ಮಾಡು. ನಾಳೆವರೆಗೂ ಮುಟ್ಟಬೇಡ."

"ಅಮ್ಮ ಹೇಳಿದ್ಲು," ಎಂದೆ. ನಲವತ್ಮೂರು ವಯಸ್ಸಿಗೆ ಇಂಥ ಮಾತು.

ನಗಲಿಲ್ಲ. "ಅಮ್ಮ ಹೇಳಿದ್ರೆ ಮಾಡ್ಲೇಬೇಕು, ಅದು ಸರಿ. ಆದ್ರೆ ಇದಕ್ಕೆ ಬೇಕಾಗಿರೋದು ಮಂಜುಗಡ್ಡೆ ಅಲ್ಲ, ಉಸಿರು. ಕೆಳಗಡೆಯಿಂದ ಗಾಳಿ ಎಳ್ಕೊಳ್ಳುತ್ತೆ, ಹಿಂದಿಂದ ಬಿಸಿ ಬಿಡುತ್ತೆ. ನೀನು ದಿಂಬಿನ ಮೇಲಿಟ್ಟು ಮೂಗು ಮುಚ್ತಿದ್ದೀಯ."

ಎ.ಸಿ. ಸರಿಮಾಡಿ ಹೋದ. ಬಟಾಣಿಯನ್ನೂ ಅಡುಗೆಮನೆಗೆ ಅವನೇ ಒಯ್ದ.

ಜನವರಿ 12, ಭಾನುವಾರ

ಇಲೈತಿಯಾ ಸಣ್ಣ ಸ್ಕ್ರೂಡ್ರೈವರುಗಳ ಪೆಟ್ಟಿಗೆ ಹಿಡಿದು ಬಂದ. ಬಟ್ಟೆ ಒಗೆಯುವ ಕೋಣೆಯ ಜಗಲಿಯಲ್ಲಿ ಕೂತೆವು. ತಳ ಬಿಚ್ಚಿದ. ಒಳಗೆ ಎರಡು ಪುಟ್ಟ ಫ್ಯಾನು, ಅವುಗಳ ಬಾಯಿಗೆ ಕೆಂಪು ಕಂಬಳಿಯಂತೆ ಮೆತ್ತಿಕೊಂಡ ಧೂಳು. ಅರ್ಧ ಗಣಿಯೇ ಅಲ್ಲಿತ್ತು.

ಫ್ಯಾನಿನ ರೆಕ್ಕೆ ತಿರುಗದಂತೆ ಹಲ್ಲುಕಡ್ಡಿ ಸಿಕ್ಕಿಸಿ ಗಾಳಿ ಊದಿದ. ಸುಮ್ಮನೆ ಊದಿದರೆ ಫ್ಯಾನು ಹುಚ್ಚು ವೇಗದಲ್ಲಿ ಸುತ್ತಿ ಕೆಡುತ್ತದಂತೆ. ಒಳಗಿನ ಕಂಪ್ಯೂಟರ್ ಚಿಪ್‌ನ ಮೇಲಿನ ಬೂದು ಪೇಸ್ಟು ಒಣಗಿ ಸುಣ್ಣದಂತಾಗಿತ್ತು. ಚಿಪ್‌ನ ಬಿಸಿಯನ್ನು ತಾಮ್ರದ ಕೊಳವೆಗೆ ದಾಟಿಸುವುದೇ ಆ ಪೇಸ್ಟಂತೆ. ಹೊಸದು ಪರ್ತ್‌ನಿಂದ ಬರಬೇಕು, ತರಿಸುತ್ತೇನೆಂದ.

ಅಷ್ಟರಲ್ಲಿ ಅಮ್ಮನ ಫೋನ್. ಕೈಯೆಲ್ಲ ಧೂಳು, ಸ್ಪೀಕರ್ ಒತ್ತಿದೆ.

"ಯಾರೇ ಅದು, ಗಂಡಸಿನ ಧ್ವನಿ?"

"ಎ.ಸಿ. ರಿಪೇರಿಯವರಮ್ಮ. ಲ್ಯಾಪ್‌ಟಾಪ್ ಕ್ಲೀನ್ ಮಾಡ್ತಿದಾರೆ."

"ಬಟಾಣಿ ಬೇಡ ಅಂದೋನಾ? ಕೊಡು ಅವನ ಕೈಗೆ."

"ಸ್ಪೀಕರ್‌ನಲ್ಲಿದೆ."

"ಏನಪ್ಪಾ, ನಿಂಗೆ ಮದುವೆ ಆಗಿದ್ಯಾ?"

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವನು ಸ್ಕ್ರೂ ಬಿಗಿಯುವುದನ್ನು ನಿಲ್ಲಿಸಲಿಲ್ಲ.

"ಆಗಿತ್ತಮ್ಮಾ. ತೀರ್ಕೊಂಡ್ಲು. ಆರು ವರ್ಷ ಆಯ್ತು."

ಆ ಕಡೆ ಅಮ್ಮ ಟೀವಿಯ ಸದ್ದು ಇಳಿಸಿದಳು. ಆಮೇಲೆ — "ನನ್ನ ಯಜಮಾನ್ರೂ ಹಾಗೇ ಹೋದ್ರು. ಊಟ ಸರಿಯಾಗಿ ಮಾಡ್ತೀಯಾ?"

"ಮಾಡ್ತೀನಮ್ಮಾ."

"ಹಂದಿ ಮೂಳೆ ಸಾರು ತಿಂತೀಯಾ?"

"ಯಾರಾದ್ರೂ ಕೊಟ್ರೆ..."

"ಹಾಂ," ಎಂದಳು ಅಮ್ಮ. ಆ ಹಾಂ ನನಗೆ ಚೆನ್ನಾಗಿ ಗೊತ್ತು.

ಜನವರಿ 18

ಲ್ಯಾಪ್‌ಟಾಪು ಈಗ ಮೇಜಿನ ಮೇಲೆ, ಹಿಂಬದಿಗೆ ಎರಡು ಬೆಂಕಿಪೊಟ್ಟಣದಷ್ಟು ಎತ್ತರ. ಆಟದಲ್ಲಿ ಸೆಕೆಂಡಿಗೆ ಅರವತ್ತು ಚಿತ್ರಕ್ಕೆ ಮಿತಿ — ಅದಕ್ಕಿಂತ ಹೆಚ್ಚು ಯಾಕೆ, ಕಣ್ಣಿಗೆ ತಿಳಿಯುವುದೂ ಇಲ್ಲ, ಯಂತ್ರಕ್ಕೆ ಮಾತ್ರ ಸುಸ್ತು ಎಂದ ಇಲೈತಿಯಾ. ದಿನಾ ಒಂದು ಗಂಟೆಯ ಮೇಲೆ ಓಡುತ್ತಿದೆ. ಬೇಯಿಸಿದ ಮರಗೆಣಸು ತಂದುಕೊಟ್ಟು, ಬಾಗಿಲಲ್ಲೇ ನಿಂತು, ಉಷ್ಣಾಂಶ ಎಷ್ಟಿದೆ ಎಂದು ಕೇಳಿ ಹೋದ. ಎಂಬತ್ತು ಡಿಗ್ರಿ ಎಂದೆ. ಒಳ್ಳೆಯದು ಎಂದ. ಅಷ್ಟೇ ಮಾತು. ಇಷ್ಟು ಬರೆದು ಯಾಕೆ ನಗುತ್ತಿದ್ದೇನೆ?

ಜನವರಿ 22, ಬನ್ಬರಿ

ರಜೆಯ ವಾರ. ಅಮ್ಮ ಚಹಾ ಸುರಿದಳು, ಬಟ್ಟಲಿನ ಪಕ್ಕಕ್ಕೆ. ನಾನು ನೋಡಿಲ್ಲವೆಂದುಕೊಂಡು ತೋಳಿನಿಂದ ಒರೆಸಿದಳು.

ಸಂಜೆ ಆಟ ಶುರು ಮಾಡಿದಳು, ನಾನು ಪಕ್ಕದಲ್ಲಿ ಕೂತು ನೋಡಿದೆ. ಮೊದಲ ಸಲ ಅವಳ ಬದಿಯಿಂದ. ಒಬ್ಬಳೇ ಓಡಿಸುವಾಗ ಪ್ರತಿ ಅಡ್ಡರಸ್ತೆಯಲ್ಲೂ ನಿಲ್ಲುತ್ತಾಳೆ. ಫಲಕಗಳ ಮುಂದೆ ತಲೆ ಅತ್ತಿತ್ತ ಓರೆ ಮಾಡುತ್ತಾಳೆ. ತಡೆಗೋಡೆಗೆ ಎರಡು ಸಲ ಉಜ್ಜಿದಳು.

"ಅಮ್ಮ, ಬೋರ್ಡ್ ಓದೋಕೆ ಆಗ್ತಿಲ್ವಾ?"

"ಬೋರ್ಡ್ ಯಾಕೆ? ನೀನಿರ್ತೀಯಲ್ಲ ಮುಂದೆ."

"ಅಂದ್ರೆ?"

"ನಿನ್ನ ಲಾರಿಯ ಹಿಂದಿನ ಕೆಂಪು ದೀಪ ಚೆನ್ನಾಗಿ ಕಾಣುತ್ತೆ. ಅದನ್ನ ಹಿಡ್ಕೊಂಡು ಬರ್ತೀನಿ. ಅದು ತಿರುಗಿದ್ರೆ ನಾನೂ ತಿರುಗ್ತೀನಿ."

ನನ್ನ ಯಂತ್ರ ಕಾದು ಆರಿದಾಗಲೆಲ್ಲ ಅವಳು ಘಾಟಿಯ ನಡುವೆ ದಾರಿ ಕಾಣದೆ ನಿಂತಿರುತ್ತಿದ್ದಳು. ಎಲ್ಲಿ ಸತ್ತೆ ಎಂದು ಬೈಯುತ್ತಿದ್ದಳು, ನಾನು ನಗುತ್ತಿದ್ದೆ.

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೊರಬಂದರೆ, "ನೀರು ವೇಸ್ಟ್ ಮಾಡ್ಬೇಡ," ಎಂದಳು.

ಜನವರಿ 24

ಕಣ್ಣಿನ ಡಾಕ್ಟರು. ಎಡಗಣ್ಣಿನ ನಡುವಿನ ನೋಟ ಎಂದೋ ಹೋಗಿದೆ. ಇದ್ದ ಬಲಗಣ್ಣಿನ ಹಿಂದೆಯೂ ಈಗ ರಕ್ತ ಕಟ್ಟಿದೆ. ಆಪರೇಷನ್. ಫೆಬ್ರವರಿ 13ಕ್ಕೆ, ಪರ್ತ್‌ನಲ್ಲಿ. ಈಗಿರುವಷ್ಟು ಉಳಿದರೆ ಅದೇ ದೊಡ್ಡದು, ಇನ್ನೂ ಕಡಿಮೆಯಾಗಲೂಬಹುದು ಎಂದರು. ಆಟ ಆಡಿದರೆ ಕೆಡುವುದೇ ಎಂಬುದು ಅಮ್ಮ ಕೇಳಿದ ಮೊದಲ ಪ್ರಶ್ನೆ. ಇಲ್ಲ, ಆಡಿ, ಎಂದರು. ಅವಳಿಗೆ ಅಷ್ಟು ಸಾಕಾಯಿತು.

ಕಾರಿನಲ್ಲಿ ಬರುವಾಗ — "ಆಟದಲ್ಲಿ ಉತ್ತರದ ಬಂದರಿನವರೆಗೆ ಒಂದ್ಸಲ ಪೂರ್ತಿ ಹೋಗ್ಬೇಕು ಮೆರೆ. ಆಪರೇಷನ್‌ಗೆ ಮುಂಚೆ."

"ಮೂರು ಗಂಟೆ ದಾರಿ ಅಮ್ಮ. ಎರಡು ದಿನ ಮಾಡ್ಕೊಂಡು ಹೋಗೋಣ."

"ಮಕ್ಕಳನ್ನ ಬಸ್ಸಲ್ಲಿ ಕೂರಿಸ್ಕೊಂಡು, ಉಳಿದಿದ್ದು ನಾಳೆ ಅಂತಿದ್ನಾ ನಾನು?"

ಸರಿ. 11ಕ್ಕೆ ನಾನು ಮನೆಗೆ ಬರುತ್ತೇನೆ, 12ರಂದು ತಂಪಾದ ನಡುಕೋಣೆಯಲ್ಲಿ ಪಕ್ಕ ಪಕ್ಕ ಕೂತು ಓಡಿಸೋಣ. ಹೀಗೆ ಮಾತಾಯಿತು.

ಜನವರಿ 30, ಕ್ಯಾಂಪು

ಪೇಸ್ಟು ಬಂತು. ಇಲೈತಿಯಾ ಹಚ್ಚಿದ — ಬಟಾಣಿ ಕಾಳಿನಷ್ಟು. "ಬಟಾಣಿ ಈ ಲೆಕ್ಕದಲ್ಲಿ ಮಾತ್ರ," ಎಂದ. ಅಮ್ಮನ ಕಣ್ಣಿನ ಸಂಗತಿ ಅವನಿಗೆ ಹೇಳಿದೆ. ಯಾರಿಗೂ ಹೇಳಿರಲಿಲ್ಲ. ಪೂರ್ತಿ ಕೇಳಿದ. ಎಲ್ಲ ಸರಿಹೋಗುತ್ತೆ ಎಂದು ಹೇಳಲಿಲ್ಲ. ಅದಕ್ಕೇ ಸಮಾಧಾನವಾಯಿತು.

ಫೆಬ್ರವರಿ 9

ಕರಾವಳಿಗೆ ಚಂಡಮಾರುತ. ಇಲ್ಲಿಗೆ ಬರೀ ಮಳೆ ಗಾಳಿ ಎನ್ನುತ್ತಿದ್ದಾರೆ. ಗಣಿ ನಿಲ್ಲಿಸಿದ್ದಾರೆ.

ಫೆಬ್ರವರಿ 10

ವಿಮಾನ ರದ್ದು. ನಾಳೆಯದೂ, ನಾಡಿದ್ದಿನದೂ. ರನ್‌ವೇಯಲ್ಲಿ ನೀರು, ರಸ್ತೆಯಲ್ಲಿ ಹಳ್ಳ. ಪಕ್ಕದ ಮನೆಯ ಡೋರೀನ್ ಅಮ್ಮನನ್ನು ಪರ್ತ್‌ಗೆ ಕರೆದೊಯ್ಯುತ್ತಾಳಂತೆ, 12ರ ಬೆಳಿಗ್ಗೆಯೇ ಹೊರಡಬೇಕು. ಅಂದರೆ ಉಳಿದಿರುವುದು ನಾಳೆ ಮಾತ್ರ.

"ಹಾಗಾದ್ರೆ ನಾಳೆ," ಎಂದಳು ಅಮ್ಮ. "ನೀನು ಅಲ್ಲಿಂದ, ನಾನು ಇಲ್ಲಿಂದ. ಯಾವತ್ತಿನ ಹಾಗೆ."

ಕರೆಂಟು ಹೋಗಿದೆ. ಜನರೇಟರಿನಲ್ಲಿ ಕೋಣೆಗಳಿಗೆ ಲೈಟು ಮಾತ್ರ, ಎ.ಸಿ. ಇಲ್ಲ. ನನ್ನ ಕೋಣೆ ಬೇಯುತ್ತಿದೆ. ಪರೀಕ್ಷೆಗೆಂದು ಓಡಿಸಿದೆ, ಘಾಟಿಯವರೆಗೂ ಹೋಗದೆ ಆರಿತು. ಪೇಸ್ಟು, ಶುದ್ಧ ಫ್ಯಾನು, ಎತ್ತರ, ಎಲ್ಲ ಇದ್ದೂ. ಬಿಸಿ ಗಾಳಿಯನ್ನೇ ಉಸಿರಾಡಿದರೆ ಅದಾದರೂ ಏನು ಮಾಡೀತು?

ಇಲೈತಿಯಾ ಜನರೇಟರ್ ಶೆಡ್ಡಿನಲ್ಲಿ. ಮಳೆಯಲ್ಲಿ ನೆನೆದುಕೊಂಡು ಹೋಗಿ ಕೇಳಿದೆ. ಯೋಚಿಸಿದ. "ಎ.ಸಿ. ಓಡ್ತಿರೋದು ಮೆಸ್ ಒಂದರಲ್ಲೇ. ಅಲ್ಲಿ ಕೂತ್ಕೋ."

"ಕ್ಯಾಂಪೆಲ್ಲ ಅಲ್ಲೇ ಇರ್ತಾರೆ."

"ಇರ್ಲಿ. ನೋಡ್ತಾರೆ. ಅವರಿಗೂ ಬೇರೆ ಏನಿದೆ ಕೆಲಸ?"

ಫೆಬ್ರವರಿ 11

ಮರೆಯುವ ಮುಂಚೆ ಬರೆಯಬೇಕು.

ಮಧ್ಯಾಹ್ನ ಊಟದ ನಂತರ ಮೆಸ್ಸಿನ ಮೂಲೆಯ ಮೇಜು ಹಿಡಿದೆ. ತಗಡಿನ ಮೇಲೆ ಮಳೆ. ಹೆಡ್‌ಫೋನಿನಲ್ಲಿ ಅಮ್ಮನ ಮಾತು ಕೇಳದೆ ಸ್ಪೀಕರ್ ಹಾಕಬೇಕಾಯಿತು. ಹೊರಟೆವು. ಮೊದಲು ಇಬ್ಬರು ಬಂದು ಇಣುಕಿದರು, ಆಮೇಲೆ ಹತ್ತು ಮಂದಿ. ನನ್ನ ಪಾಳಿಯ ದಪ್ಪ ಗ್ಯಾರೆತ್ ಒಂದು ವೈರು ತಂದು ಗೋಡೆಯ ಟೀವಿಗೆ ಸಿಕ್ಕಿಸಿಬಿಟ್ಟ. ಎಲ್ಲರಿಗೂ ಕಾಣುವಂತಾಯಿತು.

"ಏನು ಗದ್ದಲ ಅಲ್ಲಿ?" ಅಮ್ಮ.

"ಜೊತೆ ಕೆಲಸದವರಮ್ಮ. ನೋಡ್ತಿದಾರೆ."

"ನಿಂತಿದಾರಾ ಕೂತಿದಾರಾ?"

"ನಿಂತಿದಾರೆ."

"ಗಾಡಿ ಹೋಗ್ತಿರುವಾಗ ಯಾರೂ ನಿಂತಿರಬಾರ್ದು. ಕೂತ್ಕೊಳ್ಳಿ ಎಲ್ರೂ!"

ಕೂತರು. ಅಷ್ಟಷ್ಟು ಎತ್ತರದ ಗಂಡಸರು, ಕುರ್ಚಿ ಎಳೆದುಕೊಂಡು, ಶಾಲೆಯ ಮಕ್ಕಳಂತೆ.

ಒಂದು ಗಂಟೆ ಚೆನ್ನಾಗಿ ಹೋಯಿತು. ಆದರೆ ಇಷ್ಟು ಜನ ಸೇರಿದರೆ ಎ.ಸಿ. ಏನು ತಡೆದೀತು? ಎಂಬತ್ತೆಂಟು. ತೊಂಬತ್ತೆರಡು. ಘಾಟಿ ಶುರುವಾಗುವ ಹೊತ್ತಿಗೆ ತೊಂಬತ್ತೇಳು. ಚಿತ್ರ ಮುಗ್ಗರಿಸತೊಡಗಿತು, ನಿಂತು ನಿಂತು ಹೋಗುವುದು.

"ಮೆರೆ, ನಿನ್ನ ದೀಪ ಹೋಯ್ತು."

"ಇದೀನಮ್ಮ. ಇಲ್ಲೇ ಇದೀನಿ."

"ಕಾಣ್ತಿಲ್ಲ ಕಣೇ. ನಿಲ್ಲಿಸ್ಲಾ?"

ಅಮ್ಮನ ದನಿ ಅಷ್ಟು ಸಣ್ಣದಾಗಿದ್ದು ನಾನು ಕೇಳಿರಲೇ ಇಲ್ಲ.

ಗ್ಯಾರೆತ್ ಮಳೆಯಲ್ಲೇ ಓಡಿದ. ಇಲೈತಿಯಾನನ್ನು ಕರೆತಂದ. ಮೈಯೆಲ್ಲ ನೀರು ಸುರಿಯುತ್ತಿದ್ದ ಅವನು ಲ್ಯಾಪ್‌ಟಾಪು ಮುಟ್ಟುವ ಮುಂಚೆ ಕೈ ಒರೆಸಿಕೊಳ್ಳಲು ಬಟ್ಟೆ ಕೇಳಿದ. ಮೇಜಿನ ಮೇಲಿನ ಪ್ಲಾಸ್ಟಿಕ್ ಹಾಸು ಎಳೆದು ಬಿಸಾಡಿದ. ನಾಲ್ಕು ಸೂಪಿನ ಬಟ್ಟಲು ಬೋರಲು ಹಾಕಿ, ನಾನು ಓಡಿಸುತ್ತಿರುವಾಗಲೇ, ಯಂತ್ರವನ್ನು ಮೆಲ್ಲಗೆ ಎತ್ತಿ ಅವುಗಳ ಮೇಲಿಟ್ಟ. ಬಾಗುವ ದಪ್ಪ ಕೊಳವೆಯೊಂದನ್ನು ತರಿಸಿ ಒಂದು ತುದಿ ಎ.ಸಿ.ಯ ಬಾಯಿಗೆ ಸಿಕ್ಕಿಸಿದ, ಇನ್ನೊಂದನ್ನು ಬಟ್ಟಲುಗಳ ನಡುವೆ ಹಿಡಿದುಕೊಂಡು ಗ್ಯಾರೆತ್ ನೆಲದ ಮೇಲೆ ಕೂತ.

"ಆಟದೊಳಗಿಂದ ಬೇಡದ್ದೆಲ್ಲ ತೆಗಿ," ಎಂದ ಇಲೈತಿಯಾ. "ಮರ ಬೇಡ. ಮೋಡ ಬೇಡ. ನೆರಳು ಬೇಡ. ಸೆಕೆಂಡಿಗೆ ಮೂವತ್ತು ಚಿತ್ರ ಸಾಕು."

ಒಂದೊಂದೇ ತೆಗೆದೆ. ಕಾಡು ಹೋಯಿತು. ಹೊಳೆಯ ಮೇಲಿನ ಹೊಳಪು ಹೋಯಿತು. ಬೆಟ್ಟ ಬೂದು ಗುಪ್ಪೆಯಾಯಿತು. ಉಳಿದದ್ದು ರಸ್ತೆ, ಬಿಳಿ ಗೆರೆ. ಅಮ್ಮನಿಗೆ ಇಷ್ಟು ದಿನ ಕಾಣುತ್ತಿದ್ದುದು ಹೆಚ್ಚು ಕಡಿಮೆ ಇಷ್ಟೇ ಇರಬೇಕು.

ತೊಂಬತ್ತೊಂದು. ಎಂಬತ್ತಾರು. ಎಂಬತ್ತೊಂದು.

"ಬಂತು!" ಅಮ್ಮ. "ಬಂತು ಬಂತು, ಕಂಡೆ. ಎಲ್ಲಿ ಹೋಗಿದ್ದೆ ಕತ್ತೆ?"

ನಾನು ಬ್ರೇಕು ತಟ್ಟಿ ದೀಪ ತೋರಿಸಿದೆ. ಇಲೈತಿಯಾ ಉತ್ತರಿಸಿದ. "ಮೂಗು ಕಟ್ಟಿತ್ತಮ್ಮಾ. ಈಗ ಸರಿಯಾಯ್ತು."

"ನೀನಾ? ಅಲ್ಲೇ ಇರು. ಹೋಗ್ಬೇಡ."

"ಎಲ್ಲೂ ಹೋಗಲ್ಲ."

ಹೋಗಲಿಲ್ಲ. ಜನರೇಟರನ್ನು ಇನ್ನೊಬ್ಬರಿಗೆ ಒಪ್ಪಿಸಿ ನನ್ನ ಪಕ್ಕದಲ್ಲೇ ಕೂತ, ಒದ್ದೆ ಅಂಗಿಯಲ್ಲಿ. ಘಾಟಿಯ ಪ್ರತಿ ತಿರುವಿಗೂ ಮೊದಲು ನಾನು ಬ್ರೇಕು ತಟ್ಟಿ ದೀಪ ಮಿನುಗಿಸುವುದು, ಅಮ್ಮ ಗೇರು ಇಳಿಸುವುದು. ಇಳಿಜಾರು. ಬಯಲು. ಗ್ಯಾರೆತ್‌ನ ಕೈ ಸೋತಾಗ ಕೊಳವೆ ಇನ್ನೊಬ್ಬನ ಕೈಗೆ. ಅಡುಗೆಯವರು ಎಲ್ಲರಿಗೂ ಚಹಾ ಕೊಟ್ಟರು.

ಕೊನೆಯ ನೇರ ದಾರಿ. ದೂರದಲ್ಲಿ ಬಂದರಿನ ದೀಪಗಳ ಸಾಲು, ಅಗಲಕ್ಕೆ.

"ಅದೇನು ಅಷ್ಟು ಬೆಳಕು?"

"ಬಂದರು ಅಮ್ಮ. ಬಂದ್ಬಿಟ್ವಿ."

"ಅದು ನಂಗೂ ಕಾಣುತ್ತೆ," ಎಂದಳು. "ಸರಿ, ಪಕ್ಕಕ್ಕೆ ಸರ್ಕೊ."

"ಏನು?"

"ಕಿವಿ ಕೇಳಲ್ವಾ? ದಾರಿ ಬಿಡೇ!"

ಎಡಕ್ಕೆ ಸರಿದೆ. ಅವಳ ಲಾರಿ ಹಾರನ್ ಬಾರಿಸಿಕೊಂಡು ನನ್ನನ್ನು ಹಿಂದೆ ಹಾಕಿತು. ಮೆಸ್ಸಿನ ತಗಡು ಹಾರಿಹೋಗುವಂಥ ಕೂಗು. ಕುರ್ಚಿಗಳು ಬಿದ್ದವು. ಅಮ್ಮ ಬಂದರಿನ ಗೇಟಿನ ಕಂಬಕ್ಕೆ ಗುದ್ದಿ ನಿಲ್ಲಿಸಿದಳು.

"ಕೂತ್ಕೊಳ್ಳಿ ಅಂದೆ!" ಎಂದು ಗದರಿದಳು. ಅಳುತ್ತಿದ್ದಳು. ಗೊತ್ತಾಯಿತು.

ಫೆಬ್ರವರಿ 13

ವಿಮಾನ ಇವತ್ತೂ ಇಲ್ಲ. ಆಪರೇಷನ್ ಆಗಿದೆ. ಡೋರೀನ್ ಫೋನ್ ಮಾಡಿದಳು. ಅಮ್ಮ ಮಂಚದ ಮೇಲೆ ಬೋರಲು ಮಲಗಿದ್ದಾಳೆ, ಕಣ್ಣು ವಾಸಿಯಾಗಲು ಹಾಗೇ ಇರಬೇಕಂತೆ. ನರ್ಸಿಗೆ ಲಾರಿಯ ಕತೆ ಹೇಳುತ್ತಿದ್ದಾಳಂತೆ.

ಇಲೈತಿಯಾ ಮೆಸ್ಸಿನಲ್ಲಿ ನನ್ನೆದುರು ಕೂತು, ನಾನು ತಿನ್ನದೆ ಬಿಟ್ಟದ್ದನ್ನು ನನ್ನ ಕಡೆಗೇ ತಳ್ಳುತ್ತಿದ್ದ. ಮೂರು ಸಲ ತಳ್ಳಿದ. ತಿಂದೆ.

ಫೆಬ್ರವರಿ 15, ಬನ್ಬರಿ

ಬಂದೆ. ಅಮ್ಮ ನನ್ನ ಹೆಜ್ಜೆ ಕೇಳಿಯೇ, "ಬೂಟು ಹೊರಗೆ ಬಿಡು," ಎಂದಳು.

ಫೆಬ್ರವರಿ 28, ಶುಕ್ರವಾರ, ಬನ್ಬರಿ

ಅಮ್ಮನ ಆರೈಕೆಗೆ ಒಂದು ತಿಂಗಳ ರಜೆ ಸಿಕ್ಕಿತು. ಇವತ್ತು ಡಾಕ್ಟರು ಪಟ್ಟಿ ತೆಗೆದು ಪೂರ್ತಿ ನೋಡಿದರು. ರಕ್ತ ನಿಂತಿದೆ. ಅಂಚಿನ ನೋಟ ಉಳಿದಿದೆ. ನಡುವಿನದು ಉಳಿಯಲಿಲ್ಲ. ಕಿಟಕಿಯ ಅಂಚು, ಬಾಗಿಲು, ಬೆಕ್ಕಿನ ಬಾಲ ಕಾಣುತ್ತದೆ. ಮುಖ ಕಾಣುವುದಿಲ್ಲ. ನೇರ ನೋಡಿದರೆ ಮಸಿ ಬಳಿದಂತೆ ಎನ್ನುತ್ತಾಳೆ. ಹೇಳಿ, ತಾನೇ ನನ್ನ ಬೆನ್ನು ಸವರುತ್ತಾಳೆ.

ಇಲೈತಿಯಾ ದಿನಾ ಫೋನ್ ಮಾಡುತ್ತಾನೆ. ಲ್ಯಾಪ್‌ಟಾಪ್ ಹೇಗಿದೆ ಎಂದು ಶುರು, ಆಮೇಲೆ ಅಮ್ಮ, ಆಮೇಲೆ ನಾನು. ಅವನಿಗೂ ಈಗ ರಜೆಯ ವಾರ. ಭಾನುವಾರ ಪರ್ತ್‌ನಿಂದ ಬರುತ್ತಾನಂತೆ. ತೆಂಗಿನ ಹಾಲಿನ ಮೀನು ಮಾಡಿ ತರುತ್ತಾನಂತೆ. ಅಮ್ಮ ಆಗಲೇ ಹಂದಿ ಮೂಳೆ ತರಿಸಿದ್ದಾಳೆ.

ಈಗ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೇಳಿದಳು. "ಅವನು ನೋಡೋಕೆ ಹೇಗಿದಾನೆ? ನಂಗಂತೂ ಕಾಣಲ್ಲ. ನೀನೇ ಹೇಳ್ಬಿಡು."

"ದಪ್ಪ ಇದಾನೆ," ಎಂದೆ.

"ಅದು ಧ್ವನಿಯಲ್ಲೇ ಗೊತ್ತಾಯ್ತು. ಮುಖ ಹೇಳು."

ಏನು ಹೇಳಲಿ? ಬರೆದುಕೊಂಡು ಆಮೇಲೆ ಹೇಳುತ್ತೇನೆಂದು ಇಲ್ಲಿಗೆ ಬಂದೆ. ಸರಿ. ಹಣೆ ಅಗಲ. ಎಡ ಹುಬ್ಬಿನಲ್ಲಿ ಒಂದು ಹಳೆಯ ಗಾಯದ ಗೆರೆ, ಅಲ್ಲಿ ಕೂದಲಿಲ್ಲ. ಮೂಗು ಚಪ್ಪಟೆ. ಏನಾದರೂ ಬಿಚ್ಚುವಾಗ ಕೆಳತುಟಿ ಕಚ್ಚುತ್ತಾನೆ. ನಗು ಬಂದರೆ ಬಾಯಿಗಿಂತ ಮೊದಲು ಕಿವಿ ಮೇಲೇರುತ್ತದೆ — ಮೊದಲ ದಿನವೇ ನೋಡಿದ್ದೆ, ಬಟಾಣಿ ಎತ್ತಿಕೊಂಡು ಹೋದಾಗ. ಕಣ್ಣು...

ಕಣ್ಣಿಗೆ ಸರಿಯಾದ ಮಾತು ಸಿಗುತ್ತಿಲ್ಲ. ಕಪ್ಪು ಎಂದರೆ ಆಗಲಿಲ್ಲ. ನಾವು ಮಾತಾಡುವಾಗ ಅವನು ನೋಡುವ ರೀತಿ —

ಹೊರಗೆ ಗಾಡಿ ನಿಂತ ಸದ್ದು. ಭಾನುವಾರಕ್ಕೆ ಇನ್ನೂ ಎರಡು ದಿನ ಇದೆಯಲ್ಲ. ಅಮ್ಮ ಕೂಗುತ್ತಿದ್ದಾಳೆ, "ಮೆರೆ, ಬಾಗಿಲಲ್ಲಿ ಯಾರೋ, ಬಾಗಿಲಿನಷ್ಟೇ ಅಗಲ —"